ಬೆಲೆಪಟ್ಟಿಯ ಮೇಲೆ ಕೋಳಿಮರಿಗಳು

ಲೊರೇನ್ ಥ್ಯಾಕ್ರೇ ಕೂತು ಉಂಡದ್ದನ್ನು ಹಲ್ ಎಂಬ ಬಂದರು ಊರಿನ ಹೆಸ್ಸಲ್ ರಸ್ತೆಯಲ್ಲಿ ಕಂಡವರಿಲ್ಲ. ಅವಳದೇ ಮದುವೆಯ ದಿನ, ಬಡಿಸುವವರು ನಿಧಾನ ಮಾಡುತ್ತಿದ್ದಾರೆಂದು ಎದ್ದು ಹೋಗಿ, ಬಿಳಿ ಗೌನಿನ ತೋಳು ಮಡಚಿ ತಾನೇ ಬಡಿಸಿದಳಂತೆ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ಅವಳ ತಾಯಿ ಹೇಳುತ್ತಿದ್ದಳು. ತಾಯಿಯೇನೂ ಕಡಿಮೆಯಿರಲಿಲ್ಲ. ಗಂಡ ಮೀನು ಹಿಡಿಯಲು ಐಸ್‌ಲ್ಯಾಂಡಿನ ಕಡಲಿಗೆ ಹೋದನೆಂದರೆ ತಿರುಗಿ ಬರುವ ತನಕ ಒರೆಸಿದ ಕಿಟಕಿಯನ್ನೇ ಒರೆಸುತ್ತಿದ್ದವಳು ಅವಳು. ಕಾಯುವವರ ಮನೆಯಲ್ಲಿ ಬೆಳೆದವರ ಕೈ ಸುಮ್ಮನಿರುವುದಿಲ್ಲ. ಲೊರೇನ್ ಹರೆಯದಲ್ಲೇ ಮೀನಿನ ಕಾರ್ಖಾನೆ ಸೇರಿದಳು. ಅದು ಬಾಗಿಲು ಹಾಕಿದ ಮೇಲೆ ಗೋಲ್ಡನ್ ಟ್ರಾಲರ್ ಅಂಗಡಿಗೆ ಬಂದು ಕೌಂಟರಿನ ಹಿಂದೆ ನಿಂತಳು, ಈಗ ಅಲ್ಲಿಯ ಮೇಲ್ವಿಚಾರಕಿ.

ಗೋಲ್ಡನ್ ಟ್ರಾಲರ್ ಎಂದರೆ ಒಂದಲ್ಲ, ಆ ಸೀಮೆಯ ಊರೂರಿಗೂ ಒಂದೊಂದು ಶಾಖೆಯಿದೆ. ಕರಿದ ಮೀನು, ಚಿಪ್ಸ್, ಬರ್ಗರ್, ಜೊತೆಗೆ ಹಲ್ ಊರಿನವರು ಪ್ರಾಣ ಬಿಡುವ ಪ್ಯಾಟಿ. ಆಲೂಗೆಡ್ಡೆಗೆ ಸೇಜ್ ಸೊಪ್ಪು ಬೆರೆಸಿ, ಹಿಟ್ಟಿನಲ್ಲದ್ದಿ ಕರಿದದ್ದು. ನಮ್ಮ ಬೋಂಡಾಕ್ಕೆ ದಾಯಾದಿ ಎನ್ನಬಹುದು. ಎಣ್ಣೆಯಲ್ಲಿ ಉದುರಿ ಗರಿಗರಿಯಾದ ಹಿಟ್ಟಿನ ಚೂರುಗಳಿಗೆ ಅಲ್ಲಿ ಸ್ಕ್ರ್ಯಾಪ್ಸ್ ಎನ್ನುತ್ತಾರೆ. ಕೇಳಿದವರಿಗೆ ಅದು ಪುಕ್ಕಟೆ. ಲೊರೇನ್ ಮಾತ್ರ ಕೇಳದವರಿಗೂ ಹಾಕುವವಳು. ಬಡಕಲಾಗಿ ಕಂಡವರಿಗೆ ಒಂದು ಹಿಡಿ, ಮುಖ ಬಾಡಿದವರಿಗೆ ಎರಡು ಹಿಡಿ. ‘ಲೊರೇನಳ ಕೈಯಿಂದ ತಪ್ಪಿಸಿಕೊಂಡು ಸಣ್ಣಗಾಗೋದು ಆಗದ ಮಾತು’ ಎಂದು ಓಣಿಯವರು ಹಂಗಿಸುತ್ತಿದ್ದರು.

ಇಂಥವಳ ಹೊಟ್ಟೆಯಲ್ಲಿ ಹುಟ್ಟಿದ ಜೆನ್ನಾ ಹದಿನೇಳಕ್ಕೆ ಊಟ ಬಿಟ್ಟಳು. ಮೊದಲು ಬೆಳಗಿನದು, ಆಮೇಲೆ ಮಧ್ಯಾಹ್ನದ್ದು, ಕೊನೆಗೆ ಹೆಚ್ಚುಕಡಿಮೆ ಎಲ್ಲವೂ. ಅಪ್ಪ ನೀಲ್ ಲಾರಿಯ ಮೇಲೆ ವಾರಗಟ್ಟಲೆ ಊರಾಚೆ ಇರುವವನು, ಅವನಿಗೆ ಗೊತ್ತಾಗಲಿಲ್ಲ ಅನ್ನಬಹುದು. ದಿನಾ ಕಣ್ಣೆದುರಿಗಿದ್ದ ಲೊರೇನಳಿಗೆ ಏನೆನ್ನುವುದು? ಹುಡುಗಿ ತಟ್ಟೆಯ ಮುಂದೆ ಕೂತು ತುತ್ತಿಗೆ ತುತ್ತಿಗೆ ಕ್ಯಾಲೊರಿ ಎಣಿಸುತ್ತಿದ್ದಳು. ಆ ಲೆಕ್ಕವೇ ಅವಳನ್ನು ಆಸ್ಪತ್ರೆಯ ಮಂಚದ ತನಕ ಒಯ್ದಿತು.

ಮಗಳು ಆಸ್ಪತ್ರೆಯಿಂದ ಬಂದ ಮೇಲೆ ಲೊರೇನ್ ಮನೆಯಿಂದ ಅಂಕಿಗಳನ್ನೇ ಗಡೀಪಾರು ಮಾಡಿದಳು. ಪೊಟ್ಟಣದಲ್ಲಿದ್ದದ್ದೆಲ್ಲ ಡಬ್ಬಿಗೆ ಬಿತ್ತು, ಹಾಲಿನ ಬಾಟಲಿಯ ಚೀಟಿ ಕತ್ತರಿಗೆ ಸಿಕ್ಕಿತು, ತೂಕದ ಯಂತ್ರ ಹಳೇ ಸಾಮಾನಿನ ದಾನದ ಅಂಗಡಿಗೆ ಹೋಯಿತು. ದಿನಕ್ಕೆ ಮೂರು ಹೊತ್ತು ಮಗಳು ಮೇಜಿಗೆ ಕೂತರೆ ತಾಯಿ ಪಕ್ಕದಲ್ಲಿ ನಿಲ್ಲುತ್ತಿದ್ದಳು. ತುತ್ತು ಗಂಟಲಲ್ಲಿ ನಿಂತಾಗೆಲ್ಲ ಒಂದೇ ಮಾತು:

“ಅವಸರ ಇಲ್ಲ ಮಗಳೇ. ನಾನಿಲ್ಲೇ ಇದೀನಿ.”

ಜನ್ಮದಲ್ಲಿ ಅವಸರ ಬಿಟ್ಟು ಗೊತ್ತಿಲ್ಲದ ಹೆಂಗಸು ಈ ಮಾತನ್ನು ಹೇಗೆ ಕಲಿತಳೋ. ಹೇಳುವಾಗಲೂ ಬೆರಳುಗಳು ಏಪ್ರನ್ನಿನ ಅಂಚನ್ನು ಸುತ್ತುತ್ತಿದ್ದವು, ಬಿಚ್ಚುತ್ತಿದ್ದವು. ಜೆನ್ನಾ ಎದ್ದು ಹೋದ ಮೇಲೆ ತಾನು ಪಾತ್ರೆ ತೊಳೆಯುವಲ್ಲಿ ನಿಂತೇ ಏನನ್ನೋ ಬಾಯಿಗೆ ಹಾಕಿಕೊಂಡು ಊಟ ಮುಗಿಸುವಳು.

ಹೀಗಿರುವಾಗ ಏಪ್ರಿಲ್ ಮೊದಲ ವಾರದ ಒಂದು ಸಂಜೆ ಜೆನ್ನಾ ತಾನಾಗಿಯೇ ಬಾಯಿಬಿಟ್ಟಳು.

“ಅಮ್ಮ, ಶನಿವಾರ ನಿನ್ ಅಂಗಡಿಗೆ ಬರ್ತೀನಿ. ಪ್ಯಾಟಿ ತಿನ್ನೋಕೆ.”

ಲೊರೇನ್ ತೊಳೆದಿಟ್ಟ ಬೋಗುಣಿಯನ್ನು ಮತ್ತೆ ನೀರಿಗೆ ಹಾಕಿದಳು. “ಬಾ. ಅದಕ್ಕೇನಂತೆ,” ಎಂದಳು, ದಿನಾ ಬರುವವಳಿಗೆ ಹೇಳಿದ ಹಾಗೆ. ಎರಡು ವರ್ಷವಾಗಿತ್ತು ಹುಡುಗಿ ಹೊರಗೆಲ್ಲೂ ಒಂದು ತುತ್ತು ತಿಂದು. ಮನೆಗೆ ಬಂದು ನೋಡುತ್ತಿದ್ದ ನರ್ಸ್ ಹೇಳಿದ್ದಳು: ಹೊರಗೆ ಜನರ ನಡುವೆ ಉಂಡಳೆಂದರೆ ಕಾಲೇಜಿನ ಮಾತೆತ್ತಬಹುದು, ಮೊದಲ ಸಲವೇ ಹೆದರಿ ಹಿಂದೆ ಸರಿದರೆ ಮತ್ತೆ ಮೊದಲಿಂದ. ಆ ‘ಮೊದಲು’ ಹೇಗಿತ್ತೆಂದು ಲೊರೇನ್ ಮರೆತಿರಲಿಲ್ಲ.

ಮಾರನೆಯ ದಿನವೇ ಮೇಲಿನ ಕಚೇರಿಯ ಗ್ಯಾರೆತ್ ಫೋನು ಮಾಡಿದ. ಹೊಸ ಕಾನೂನು ಬಂದಿದೆ, ದೊಡ್ಡ ಕಂಪನಿಗಳ ಅಂಗಡಿಯಲ್ಲೆಲ್ಲ ಪ್ರತಿ ತಿಂಡಿಯ ಪಕ್ಕ ಅದರ ಕ್ಯಾಲೊರಿ ಕಾಣಬೇಕು, ಬುಧವಾರ ಹೊಸ ಬೋರ್ಡು ಬರುತ್ತದೆ, ಹಾಕಿಸಿಬಿಡಿ. ಕಾನೂನಿನ ಸುದ್ದಿ ಅವಳು ಕೇಳಿರಲಿಲ್ಲವೆಂದಲ್ಲ. ಚಳಿಗಾಲದಿಂದ ಕಾಗದ ಬರುತ್ತಲೇ ಇತ್ತು, ಅವಳು ಓದಿ ಓದಿ ಡ್ರಾಯರಿಗೆ ತಳ್ಳುತ್ತಿದ್ದಳು. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿಗೂ ಅವಳಿಗೂ ವ್ಯತ್ಯಾಸವೇನೂ ಇರಲಿಲ್ಲ.

ಬುಧವಾರ ಬೋರ್ಡು ಬಂತು. ಬಾಣಲೆಯ ಮುಂದೆ ನಿಲ್ಲುವ ಡೆನ್ನಿಸ್‌ಗೆ ಮಂಡಿ ನೋವು, ಏಣಿ ಹತ್ತಲಾರ. ಹೀಗಾಗಿ ಮನೆಯಿಂದ ಓಡಿಸಿದ ಅಂಕಿಗಳನ್ನು ಅಂಗಡಿಯ ಗೋಡೆಗೆ ತನ್ನ ಕೈಯಾರೆ ಏರಿಸುವ ಕರ್ಮ ಲೊರೇನಳಿಗೇ ಬಂತು. ಅವು ಎಷ್ಟೆಷ್ಟಿದ್ದವೆಂದು ಇಲ್ಲಿ ಬರೆಯುವ ಅಗತ್ಯವಿಲ್ಲ; ಆ ಮನೆಯ ಕಥೆ ಹೇಳುವಾಗ ಆ ಮನೆಯ ಮರ್ಯಾದೆ ಕಾಯಬೇಕು.

“ಸ್ವಲ್ಪ ಎಡಕ್ಕೆ ತಾಯಿ,” ಡೆನ್ನಿಸ್ ಕೆಳಗಿನಿಂದ ಓದುತ್ತಾ ಹೇಳಿದ. “ಅಯ್ಯಪ್ಪಾ. ದೊಡ್ಡ ಹ್ಯಾಡಕ್ ಮೀನಿಗೆ ಅಷ್ಟಾ? ಇಷ್ಟು ವರ್ಷ ನಾನು ಮನೆಗೆ ಹೋಗೋ ಮುಂಚೆ ಒಂದು ತಿಂತಿದ್ನಲ್ಲ.”

“ಬಾಯ್ಮುಚ್ಕೊಂಡು ಮೊಳೆ ಕೊಡು.”

“ನೀನು ಯಾಕೆ ಉರೀತೀಯ? ಡಾಕ್ಟ್ರು ಏನಂದ್ರು ಗೊತ್ತಲ್ಲ. ತೂಕ ಇಳಿಸದೆ ಮಂಡಿ ಆಪರೇಷನ್ ಮಾಡಲ್ಲ ಅಂದ್ರು. ಏನು ತಿಂದ್ರೆ ಎಷ್ಟು ಅಂತ ನಂಗ್ಯಾರು ಹೇಳಿದ್ರು ಇಷ್ಟು ದಿನ? ನೀನು ಹೇಳಿದ್ಯಾ? ಇನ್ನೂ ಸ್ವಲ್ಪ ತಿನ್ನು ಡೆನ್ನಿಸ್ ಅಂತಿದ್ದೆ.”

“ನಮ್ಮನೆ ವಿಷಯ ಗೊತ್ತಿದ್ದೂ ಮಾತಾಡ್ತೀಯಲ್ಲೋ.”

ಡೆನ್ನಿಸ್ ಮೊಳೆ ಕೊಟ್ಟು ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಜೆನ್ನಾ ತೊಟ್ಟಿಲಲ್ಲಿದ್ದಾಗಿಂದ ನೋಡಿದವನು. “ಗೊತ್ತು ಕಣಮ್ಮ. ಆ ಮಗೂನ ನೆನೆಸ್ಕೊಂಡ್ರೆ ನಂಗೂ ಕರುಳು ಚುರ್ ಅನ್ನುತ್ತೆ. ಆದ್ರೆ ಅವಳೊಬ್ಬಳಿಗೋಸ್ಕರ ಊರೆಲ್ಲ ಕಣ್ಣು ಮುಚ್ಕೋಬೇಕಾ, ನೀನೇ ಹೇಳು.”

ಲೊರೇನ್ ಮೊಳೆಯ ತಲೆಗೆ ಬೇಕಾದ್ದಕ್ಕಿಂತ ಜೋರಾಗಿ ಹೊಡೆದಳು. ಡೆನ್ನಿಸ್ ಹೇಳಿದ್ದು ಸುಳ್ಳಾಗಿದ್ದರೆ ಏಣಿಯಿಂದಿಳಿದು ಒಂದು ಬಾರಿಸಬಹುದಿತ್ತು.

ಮಧ್ಯಾಹ್ನ ಗ್ಯಾರೆತ್‌ಗೆ ಫೋನು ಮಾಡಿ, ಮಗಳ ಹೆಸರೆತ್ತದೆ ಸುತ್ತಿ ಬಳಸಿ ಕೇಳಿದಳು: ಈ ಅಂಕಿ ಬೇಡ ಎನ್ನುವ ಗಿರಾಕಿಗಳಿದ್ದರೆ? ಅದಕ್ಕೂ ದಾರಿಯಿದೆ ಎಂದ ಆತ. ಅಂಕಿಯಿಲ್ಲದ ಮೆನು ಒಂದನ್ನು ಕೌಂಟರಿನ ಕೆಳಗೆ ಇಟ್ಟುಕೊಂಡಿರಿ, ಗಿರಾಕಿಗಳು ತಾವಾಗಿ ಕೇಳಿದರೆ ಕೊಡಬಹುದು.

“ತಾವಾಗಿ ಅಂದ್ರೆ?”

“ಬಾಯ್ಬಿಟ್ಟು ಕೇಳ್ಬೇಕು. ನಾವಾಗಿ ಕೊಡೋ ಹಾಗಿಲ್ಲ.”

ಫೋನಿಟ್ಟು ಲೊರೇನ್ ನಕ್ಕಳು, ಖುಷಿಯಿಂದಲ್ಲ. ತಮ್ಮ ಕಾಲು ತುಳಿದವನಿಗೆ ತಾವೇ ಕ್ಷಮಿಸಿ ಎನ್ನುವ ಜನ ಈ ಊರಿನವರು. ಆರ್ಡರು ತಪ್ಪಿ ಬಂದರೂ ತುಟಿಪಿಟಕ್ಕೆನ್ನದೆ ತಿಂದು ಹೋಗುತ್ತಾರೆ. ಆ ಜನರಲ್ಲಿ, ಹಿಂದೆ ಸಾಲು ನಿಂತಿರುವಾಗ, ಅಂಕಿ ಕಂಡರೆ ನನಗೆ ಭಯ, ಬೇರೆ ಮೆನು ಕೊಡಿ ಎಂದು ಹತ್ತೊಂಬತ್ತರ ಹುಡುಗಿ ಕೇಳುತ್ತಾಳೆಯೇ? ಕಾನೂನು ಬರೆದವರು ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದು ಬರೆದಿದ್ದರು. ಕೋಲು ಹಿಡಿಯುವ ಕೈ ಯಾರದೆಂದು ಯೋಚಿಸಿದಂತಿರಲಿಲ್ಲ.

ಮನೆಯಲ್ಲಿ ಮಗಳಿಗೆ ಹೇಳಿಬಿಡಬಹುದಿತ್ತು. ನೋಡು, ಹೀಗೊಂದು ಬೋರ್ಡು ಬಂದಿದೆ ಎಂದರೆ ಮುಗಿಯುತ್ತಿತ್ತು. ಆದರೆ ಆ ಮಾತು ಆಡಿದರೆ ಜೆನ್ನಾ ಬರುವುದಿಲ್ಲ ಎಂದರೆ? ಲೊರೇನ್ ಗುರುವಾರ ಬಾಯಿ ತೆರೆದು ಹವಾಮಾನದ ಮಾತಾಡಿದಳು. ಶುಕ್ರವಾರ ಬಾಯಿ ತೆರೆದು ಪಕ್ಕದ ಮನೆಯ ನಾಯಿಯ ವಿಷಯ ಹೇಳಿದಳು.

ಅಂಗಡಿಯಲ್ಲಿ ಅವಳ ಕಾಲು ನಿಂತಲ್ಲಿ ನಿಲ್ಲಲಿಲ್ಲ. ಗಿರಾಕಿಗಳು ಬೋರ್ಡು ನೋಡುವುದನ್ನೇ ನೋಡುತ್ತಿದ್ದಳು. ಒಬ್ಬಾಕೆ ಬಾಯಲ್ಲಿ ಬರ್ಗರ್ ಎಂದವಳು ತಲೆಯೆತ್ತಿ ಬೇಯಿಸಿದ ಬಟಾಣಿ ಸಾಕು ಎಂದಳು. ಬಂದರಿನ ಹುಡುಗರ ಒಂದು ಗುಂಪು ಎಲ್ಲಕ್ಕಿಂತ ದೊಡ್ಡ ಅಂಕಿ ಯಾರು ತಿನ್ನುತ್ತಾರೆಂದು ಪಂತ ಕಟ್ಟಿತು. ಬಹಳ ಮಂದಿ ನೋಡಲೇ ಇಲ್ಲ, ಎಂದಿನದನ್ನೇ ಕೊಂಡು ಹೋದರು. ಡೆನ್ನಿಸ್ ಮಾತ್ರ ಪರೀಕ್ಷೆಗೆ ಓದುವವನಂತೆ ಓದುತ್ತಿದ್ದ. ಕೆಲಸ ಮುಗಿದ ಮೇಲೆ ಸಿಬ್ಬಂದಿಗೆ ಕೊಡುವ ಮೀನನ್ನು ಲೊರೇನ್ ಗುರುವಾರ ಅರ್ಧ ತಿಂದು ಬದಿಗಿಟ್ಟಳು. ಚಿಂತೆಗೆ ಹೊಟ್ಟೆ ಕಟ್ಟಿದೆ ಎಂದುಕೊಂಡಳು. ಮಾರನೆಯ ದಿನ ತೆಗೆದುಕೊಳ್ಳಲೇ ಇಲ್ಲ.

ಶನಿವಾರ ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆ ಅವಳು ಹಿಂದಿನ ಕೋಣೆಯಿಂದ ಈಸ್ಟರ್ ಹಬ್ಬದ ಅಲಂಕಾರದ ಪೆಟ್ಟಿಗೆ ಎಳೆದಳು. ಹಳದಿ ಕಾಗದದ ಕೋಳಿಮರಿಗಳು, ಬಣ್ಣದ ಮೊಟ್ಟೆಗಳು, ವರ್ಷವರ್ಷವೂ ಕಿಟಕಿಗೆ ಅಂಟಿಸುವಂಥವು. ಹಬ್ಬಕ್ಕೆ ಇನ್ನೂ ಒಂದು ವಾರವಿತ್ತು. ಇರಲಿ. ಏಣಿ ಹತ್ತಿ ಅಂಕಿಗೊಂದರಂತೆ ಕೋಳಿಮರಿ ಅಂಟಿಸುತ್ತಾ ಹೋದಳು. ಮರಿಗಳು ಮುಗಿದ ಕಡೆ ಮೊಟ್ಟೆ. ಕೆಳಗಿಳಿದು ನೋಡಿದರೆ ಬೋರ್ಡು ಮಕ್ಕಳ ಶಾಲೆಯ ಗೋಡೆಯಂತಿತ್ತು. ತಾನು ಬಹಳ ಜಾಣೆ ಎಂದು ಆ ಹೊತ್ತಿಗೆ ಅವಳಿಗೆ ನಿಜಕ್ಕೂ ಅನ್ನಿಸಿತು.

ಡೆನ್ನಿಸ್ ಕುಂಟುತ್ತ ಬಂದವನು ಕೋಟು ಬಿಚ್ಚುವುದನ್ನು ಮರೆತು ನಿಂತ.

“ಇದು ಹಬ್ಬವೋ, ಕಳ್ಳತನವೋ?”

“ಮಧ್ಯಾಹ್ನದ ತನಕ ಅಷ್ಟೆ. ಅವಳು ಬಂದು ಹೋಗ್ಲಿ, ಕಿತ್ತು ಹಾಕ್ತೀನಿ.”

“ತಪಾಸಣೆಯೋರು ಬಂದ್ರೆ?”

“ಕೋಳಿಮರಿ ಕಂಡು ಖುಷಿಪಡ್ತಾರೆ ಬಿಡು.”

“ತಾಯಿ, ಆ ಮಗು ದಡ್ಡಿ ಅಂದ್ಕೊಂಡಿದೀಯಾ?”

ಲೊರೇನ್ ಒರೆಸಿದ ಮೇಜನ್ನೇ ಒರೆಸಿದಳು. ಕಿಟಕಿಯ ಪಕ್ಕದ ಮೇಜು, ಬೋರ್ಡಿಗೆ ಬೆನ್ನು ಹಾಕಿ ಕೂರುವಂಥದ್ದು. ಕುರ್ಚಿಯನ್ನು ಇನ್ನಷ್ಟು ತಿರುಗಿಸಿದಳು. ಬಸ್ಸು ನಿಲ್ಲುವ ಕಡೆ ಹತ್ತು ಸಲ ಇಣುಕಿ ಬಂದಳು.

ಜೆನ್ನಾ ಬಂದಾಗ ಅಂಗಡಿಯಲ್ಲಿ ಸಾಲಿತ್ತು. ಉದ್ದ ಕೋಟು, ಬಿಗಿಯಾಗಿ ಹಿಡಿದ ಚೀಲ. ತಾಯಿ ಕೈಬೀಸಿ ಮೇಜು ತೋರಿಸಿದಳು. ಮಗಳು ಮೇಜಿಗೆ ಹೋಗಲಿಲ್ಲ, ಸಾಲಿನಲ್ಲಿ ನಿಂತು ತಲೆಯೆತ್ತಿದಳು. ಲೊರೇನಳ ಕೈಯಲ್ಲಿದ್ದ ಚಿಪ್ಸಿನ ಸೌಟು ಅಲ್ಲೇ ನಿಂತಿತು. ಅದೇ ಹೊತ್ತಿಗೆ ಸಾಲಿನ ಮುಂದಿದ್ದ ಕೋಲು ಹಿಡಿದ ಮುದುಕಿಯೊಬ್ಬಳು ಕೇಳಿಬಿಟ್ಟಳು:

“ಅಲ್ಲಮ್ಮ, ಮೊನ್ನೆ ಇಲ್ಲಿ ಕ್ಯಾಲೊರಿ ಬರೆದಿತ್ತಲ್ಲ. ನಮ್ಮ ನರ್ಸಮ್ಮ ನೋಡ್ಕೊಂಡು ತಿನ್ನಿ ಅಂದಿದಾಳೆ. ಈ ಕೋಳಿ ಯಾಕೆ ಅದರ ಮೇಲೆ ಕೂತಿದೆ?”

“ಹಬ್ಬ ಅಲ್ವಾ,” ಎಂದಳು ಲೊರೇನ್.

“ಎಲ್ಲಾ ಕೋಳಿನೂ ಸರಿಯಾಗಿ ನಂಬರ್ ಮೇಲೇ ಕೂತಿದಾವೆ,” ಎಂದಳು ಜೆನ್ನಾ. ದನಿ ದೊಡ್ಡದೇನಲ್ಲ, ಆದರೂ ಎಲ್ಲರಿಗೂ ಕೇಳಿಸಿತು. “ಅಮ್ಮ, ಇದು ನನಗೋಸ್ಕರನಾ?”

ಸಾಲಿನವರೆಲ್ಲ ತಮ್ಮ ಬೂಟು ನೋಡತೊಡಗಿದರು. ಆ ಊರಿನ ಸೌಜನ್ಯ ಅದು, ಮತ್ತು ಅದಕ್ಕಿಂತ ಕ್ರೂರವಾದದ್ದು ಬೇರೆ ಇಲ್ಲ. ಜೆನ್ನಾಳ ಕತ್ತಿನಿಂದ ಕಿವಿಯ ತನಕ ಕೆಂಪೇರಿತು. ತಿರುಗಿ ಬಾಗಿಲಿನ ಕಡೆ ನಡೆದಳು. ಲೊರೇನ್ ಸೌಟನ್ನು ಚಿಪ್ಸಿನ ರಾಶಿಯಲ್ಲೇ ಬಿಟ್ಟಳು. ಕೈಯಾರೆ ಕೆಡಿಸಿದೆ, ಅಂಕಿಗಳಲ್ಲ, ನಾನೇ, ನಾನೇ ಕೆಡಿಸಿದೆ.

ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ಹುಡುಗಿ ನಿಂತಳು. ಒಂದು ಉಸಿರು ಎಳೆದುಕೊಂಡು ಹಿಂದಿರುಗಿ ಸಾಲನ್ನು ದಾಟಿ ಕೌಂಟರಿಗೇ ಬಂದಳು.

“ಬುಧವಾರನೇ ಫೋನಲ್ಲಿ ಎಲ್ಲ ನಂಬರೂ ನೋಡಿದೀನಿ. ಕಂಪನಿಯೋರು ಹಾಕಿದಾರೆ. ನೋಡಿದ ಮೇಲೂ ಹೋಗೇ ಹೋಗ್ತೀನಿ ಅಂತ ಹಠ ಹಿಡ್ಕೊಂಡು ಬಂದೆ. ಬಸ್ಸಿಂದ ದಾರೀಲೇ ಇಳಿದುಬಿಡೋಣ ಅನ್ನಿಸ್ತು. ಇಳೀಲಿಲ್ಲ. ಇಲ್ಲಿಗೆ ಬಂದ್ರೆ ನೀನು ನನ್ನ ಕಣ್ಣಿಗೆ ಬಟ್ಟೆ ಕಟ್ತಿದೀಯ.”

“ನಿನಗೆ ಕಷ್ಟ ಆಗ್ಬಾರ್ದು ಅಂತ ಮಗಳೇ—”

“ಕಷ್ಟ ಆಗುತ್ತೆ. ಆಗ್ಲಿ. ಊರಲ್ಲಿರೋ ಅಂಗಡಿಗೆಲ್ಲ ಕೋಳಿಮರಿ ಅಂಟಿಸ್ತಾ ಬರ್ತೀಯಾ ನನ್ನ ಹಿಂದೆ? ತೆಗಿ ಅಮ್ಮ. ಈ ಅಜ್ಜಿಗೆ ಬೇಕಂತೆ.”

“ನಂಗೂ ಬೇಕು,” ಎಂದ ಡೆನ್ನಿಸ್ ಬಾಣಲೆಯ ಬಳಿಯಿಂದ.

ಲೊರೇನ್ ಏಣಿ ಹತ್ತಿದಳು. ಸಾಲಿನವರು ಕಾದರು, ಯಾರೂ ಗೊಣಗಲಿಲ್ಲ. ಒಂದೊಂದೇ ಮರಿ ಕಿತ್ತು ಏಪ್ರನ್ನಿನ ಜೇಬಿಗೆ ತುರುಕಿದಳು. ಕೆಲವು ಅರ್ಧ ಹರಿದು ಬಂದವು, ಒಂದು ಮರಿಯ ಕಾಲು ಅಲ್ಲೇ ಉಳಿಯಿತು. ಮುದುಕಿ ಕನ್ನಡಕ ಸರಿಮಾಡಿಕೊಂಡು ಓದಿ, ಸಣ್ಣ ಮೀನು ಕಟ್ಟಿಸಿಕೊಂಡು, ಜೆನ್ನಾಳ ತೋಳನ್ನೊಮ್ಮೆ ಮುಟ್ಟಿ ಹೋದಳು.

“ಈಗ ಹೇಳಮ್ಮ, ನಿಂಗೇನು ಕೊಡ್ಲಿ?” ಡೆನ್ನಿಸ್ ತಾನೇ ಕೌಂಟರಿಗೆ ಬಂದು ಕೇಳಿದ.

“ಪ್ಯಾಟಿ. ಚಿಪ್ಸ್. ಮೇಲೆ ಸ್ಕ್ರ್ಯಾಪ್ಸ್ ಹಾಕಿ.”

“ಸ್ಕ್ರ್ಯಾಪ್ಸಿಗೆ ನಂಬರ್ ಇಲ್ಲ ನೋಡು,” ಎಂದಳು ಲೊರೇನ್ ಅವಸರದಲ್ಲಿ, ಮುಳುಗುವವಳಿಗೆ ಹುಲ್ಲುಕಡ್ಡಿ ಸಿಕ್ಕಂತೆ.

“ಇಲ್ಲ ಅಂತಲ್ಲಮ್ಮ. ಯಾರೂ ಎಣಿಸಿಲ್ಲ ಅಷ್ಟೆ. ನಾನೂ ಎಣಿಸದೆ ಇರೋಕೆ ನೋಡ್ತೀನಿ.” ಜೆನ್ನಾ ತಾಯಿಯ ಕಡೆ ತಿರುಗಿದಳು. “ನಿಂಗೇನು?”

“ನಂಗಾ?”

“ಹೂಂ. ಕೂತ್ಕೊಂಡು ತಿನ್ನು ನನ್ನ ಜೊತೆ. ಎರಡು ವರ್ಷದಿಂದ ನಾನೊಬ್ಳೇ ತಿಂತಿದೀನಿ, ನೀನು ಪೊಲೀಸಿನ ಹಾಗೆ ನಿಂತಿರ್ತೀಯ.”

ಲೊರೇನ್ ಬಾಯಿ ತೆರೆದಳು. ಕಣ್ಣು ತಾನಾಗಿ ಮೇಲೆ ಹೋಯಿತು. ಬೋರ್ಡಿನ ಸಾಲುಗಳ ಮೇಲೆ ಇಳಿಯುತ್ತಾ ಬಂದು ಒಂದು ಕಡೆ ನಿಂತಿತು.

“ಸಣ್ಣ ಪ್ಯಾಟಿ ಒಂದು ಸಾಕು. ಚಿಪ್ಸ್ ಬೇಡ.”

ಜೆನ್ನಾ ಚೀಲವನ್ನು ಕೌಂಟರಿನ ಮೇಲಿಟ್ಟಳು. ತಾಯಿಯ ಕಣ್ಣು ಎಲ್ಲಿ ಹೋಗಿ ಎಲ್ಲಿ ನಿಂತಿತೆಂದು ಅವಳಷ್ಟು ಚೆನ್ನಾಗಿ ಬಲ್ಲವರು ಆ ಅಂಗಡಿಯಲ್ಲಿ ಇನ್ನೊಬ್ಬರಿರಲಿಲ್ಲ.

“ಅಮ್ಮ,” ಎಂದಳು ಮೆಲ್ಲಗೆ. “ನೀನು ಬೋರ್ಡ್ ನೋಡ್ದೆ.”

“ಇಲ್ಲ ಕಣೇ. ಹಸಿವಿಲ್ಲ.”

“ನಾನೂ ಹಾಗೇ ಅಂತಿದ್ದೆ.”

ಲೊರೇನಳಿಗೆ ಗುರುವಾರ ಬದಿಗಿಟ್ಟ ಅರ್ಧ ಮೀನು ನೆನಪಾಯಿತು, ಶುಕ್ರವಾರ ಮುಟ್ಟದೇ ಬಿಟ್ಟದ್ದು ನೆನಪಾಯಿತು. ಚಿಂತೆಯಲ್ಲ ಅದು. ಏಣಿಯ ಮೇಲೆ ನಿಂತು ಮೊಳೆ ಹೊಡೆಯುವಾಗಲೇ ಆ ಅಂಕಿಗಳು ಅವಳೊಳಗೂ ಇಳಿದಿದ್ದವು. ಮಗಳಿಗೆ ಏನಾಗಿತ್ತೆಂದು ಎರಡು ವರ್ಷ ಪಕ್ಕದಲ್ಲಿ ನಿಂತು ನೋಡಿಯೂ ಅರ್ಥವಾಗದ್ದು ಅವಳಿಗೆ ಅಲ್ಲಿ ಸ್ವಲ್ಪ ಅರ್ಥವಾಯಿತು. ಡೆನ್ನಿಸ್‌ಗೆ ಊರುಗೋಲಾದ ಅಂಕಿ ಇನ್ನೊಬ್ಬರಿಗೆ ಕುಣಿಕೆಯಾಗಬಹುದು. ಬೋರ್ಡಿಗೆ ಅದೇನು ಗೊತ್ತು, ಅದು ಎಲ್ಲರಿಗೂ ಒಂದೇ ಮುಖ ತೋರಿಸುತ್ತದೆ.

“ಡೆನ್ನಿಸ್,” ಎಂದಳು, ಬೋರ್ಡಿನ ಕಡೆ ನೋಡದೆ. “ದೊಡ್ಡ ಹ್ಯಾಡಕ್ ಹಾಕು. ಚಿಪ್ಸ್, ಸ್ಕ್ರ್ಯಾಪ್ಸ್ ಎಲ್ಲ ಇರ್ಲಿ.”

“ಈಗ ನೋಡು, ನೀನು ನಮ್ಮ ಲೊರೇನ್. ಹೋಗಿ ಕೂತ್ಕೋ. ಕೌಂಟರ್ ನಾನು ನೋಡ್ಕೋತೀನಿ.”

ತಾಯಿ ಮಗಳು ಕಿಟಕಿಯ ಪಕ್ಕ ಎದುರುಬದುರು ಕೂತರು. ತಾನೇ ಸಾವಿರ ಸಲ ಒರೆಸಿದ ಮೇಜಿಗೆ ಲೊರೇನ್ ಮೊದಲ ಸಲ ಮೊಣಕೈ ಊರಿದಳು. ಜೆನ್ನಾ ಪ್ಯಾಟಿಯ ಅಂಚನ್ನು ಮುರಿದಳು, ಇಟ್ಟಳು, ಮತ್ತೆ ಎತ್ತಿದಳು. ಬಾಯಿಗೆ ಹೋದದ್ದು ಬಹಳ ಹೊತ್ತು ಅಲ್ಲೇ ಇತ್ತು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಆಮೇಲೆ ಇನ್ನೊಂದು ಚೂರು. ಸ್ಕ್ರ್ಯಾಪ್ಸನ್ನು ಮಾತ್ರ ಚಿಕ್ಕಂದಿನಂತೆ ಬೆರಳ ತುದಿಗೆ ಅಂಟಿಸಿಕೊಂಡು ತಿಂದಳು. ಲೊರೇನ್ ನೋಡಬಾರದೆಂದು ರಸ್ತೆಯ ಕಡೆ ನೋಡಿದಳು, ರಸ್ತೆಯಲ್ಲೇನೂ ಕಾಣಲಿಲ್ಲ.

ಮಗಳ ಪ್ಯಾಟಿ ಮುಗಿಯುತ್ತ ಬಂದಿತ್ತು, ಚಿಪ್ಸ್ ಒಂದಿಷ್ಟು ಉಳಿದಿತ್ತು. ತಾಯಿಯ ತಟ್ಟೆಯಲ್ಲಿ ಅರ್ಧ ಮೀನು ಹಾಗೇ ಇತ್ತು. ಕೌಂಟರಿನಲ್ಲಿ ಸಾಲು ಬೆಳೆದಿತ್ತು, ಡೆನ್ನಿಸ್ ವಿನಿಗರ್ ಬಾಟಲಿ ಹುಡುಕುತ್ತಿದ್ದ. ಲೊರೇನಳ ಕಾಲು ಮೇಜಿನಡಿ ತಾಳ ಹಾಕತೊಡಗಿತು. ಒರೆಸುವ ಬಟ್ಟೆಗೆ ಕೈಚಾಚಿ ಅರ್ಧ ಎದ್ದಳು.

ಜೆನ್ನಾ ಆ ಕೈಯ ಮೇಲೆ ತನ್ನ ಕೈಯಿಟ್ಟಳು. ಎಣ್ಣೆಯ, ಉಪ್ಪಿನ, ಬೆಚ್ಚಗಿನ ಕೈ.

“ಅವಸರ ಇಲ್ಲಮ್ಮ,” ಎಂದಳು. “ನಾನಿಲ್ಲೇ ಇದೀನಿ.”

ಲೊರೇನ್ ಮತ್ತೆ ಕೂತಳು. ಮುಂದಿನ ತುತ್ತನ್ನು ನುಂಗಲು ಅವಳಿಗೆ ಬಹಳ ಹೊತ್ತು ಹಿಡಿಯಿತು.